ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಉಳಿದುಬಂದಿರುವುದು ಏನು? ಅದು ಕನ್ನಡಕ್ಕೆ ಬರುವ ದಾರಿ ಯಾವುದು?

ಪ್ರಶ್ನೆ: ಹಾರಂಗಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದ ಸಮೀಪದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಮನೆಗೆ ನೆಂಟರು ಬಂದರೆ ಅವರನ್ನು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಕರೆದುಕೊಂಡು ಹೋಗುವುದು ನಮ್ಮ ಭಾಗದಲ್ಲಿ ಬಹುತೇಕ ಎಲ್ಲರ ರೂಢಿ. ನಾಮ್‌ದ್ರೋಲಿಂಗ್ ಮಠದ ದೊಡ್ಡ ಸಭಾಂಗಣದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಹೊರಗಿನ ಅಂಗಡಿಯಲ್ಲಿ ಮೊಮೊ ತಿಂದು ಹಿಂದಿರುಗಿದರೆ ಭೇಟಿ ಮುಗಿಯಿತು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಆ ಊರು ತಿಳಿದಿರುವುದು ಇಷ್ಟೇ, ಮತ್ತು ಇತಿಹಾಸದ ಮೇಷ್ಟರಾಗಿ ಇದು ನನ್ನನ್ನು ಬಹಳ ದಿನಗಳಿಂದ ಬಾಧಿಸುತ್ತಿದೆ.

ನಡೆದ ಘಟನೆಗಳ ಹೊರರೇಖೆ ನನಗೆ ಗೊತ್ತಿದೆ. 1959ರ ಮಾರ್ಚಿನಲ್ಲಿ ಲಾಸಾದಲ್ಲಿ ಜನ ಚೀನಾದ ಆಡಳಿತದ ವಿರುದ್ಧ ಎದ್ದರು; ಹದಿನಾಲ್ಕನೆಯ ದಲೈ ಲಾಮಾ ಅವರು 17ರ ರಾತ್ರಿ ನಗರವನ್ನು ಬಿಟ್ಟು ತಿಂಗಳ ಕೊನೆಗೆ ಭಾರತದ ಗಡಿಯನ್ನು ದಾಟಿದರು; ಅವರ ಹಿಂದೆ ಸುಮಾರು 80,000 ಜನ ಬಂದರು. ಅವರಿಗೆ ನೆಲೆ ಒದಗಿಸಬೇಕೆಂದು ನೆಹರೂ ಅವರು ಕೇಳಿದಾಗ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹೀಗೆ ವಸಾಹತುಗಳು ನಮ್ಮ ನಾಡಿನಲ್ಲಿ ಒಂದೊಂದಾಗಿ ನೆಲೆಗೊಂಡವು.

ನನ್ನ ಪ್ರಶ್ನೆಗಳು ಇದರ ಮುಂದಿನವು. ಟಿಬೆಟನ್ ಸಂಸ್ಕೃತಿಯನ್ನು ಉಳಿಸುವ ಕೆಲಸ ಇಲ್ಲಿ ನಡೆದಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಉಳಿದಿರುವುದು ನಿರ್ದಿಷ್ಟವಾಗಿ ಏನು? ಕಟ್ಟಡಗಳು ಹೊಸವು, ಮೂರ್ತಿಗಳು ಹೊಸವು, ಹವಾಮಾನವೂ ಬೇರೆ. ಎರಡನೆಯದಾಗಿ, ಈ ಮಠಗಳ ಗುರುಗಳು ಅಮೆರಿಕ, ಯೂರೋಪುಗಳಿಗೆ ಹೋಗಿ ಬೋಧಿಸುತ್ತಾರೆ, ಅಲ್ಲಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಹೀಗೆ ಎಲ್ಲರಿಗೂ ಹಂಚುವುದರಿಂದ ಆ ವಿದ್ಯೆ ಗಟ್ಟಿಯಾಗುತ್ತದೆಯೋ ತೆಳುವಾಗುತ್ತದೆಯೋ? ಕೊನೆಯದಾಗಿ, ಇಷ್ಟು ವರ್ಷ ನಮ್ಮ ಪಕ್ಕದಲ್ಲಿಯೇ ಇದ್ದರೂ ಆ ವಿದ್ಯೆ ಕನ್ನಡಕ್ಕೆ ಬಂದಿರುವುದು ಏಕೆ ಇಷ್ಟು ಕಡಿಮೆ? ಬಲ್ಲವರು ದಯವಿಟ್ಟು ವಿವರವಾಗಿಯೇ ಬರೆಯಬೇಕೆಂದು ವಿನಂತಿ.

ಉತ್ತರ: ಲಕ್ಷ್ಮಣತೀರ್ಥ

ಮೇಷ್ಟರೆ, ನಾನು ವಸಾಹತಿನ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸಬಲ್ಲೆ, ಏಕೆಂದರೆ ಅದನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅಲ್ಲಿ ಉಳಿದುಬಂದಿರುವುದು ಮುಖ್ಯವಾಗಿ ಒಂದು ವಿದ್ಯಾಭ್ಯಾಸದ ಕ್ರಮ. ಕಟ್ಟಡ ಹೊಸದಾದರೂ ಅದರೊಳಗೆ ನಡೆಯುವ ಪಾಠ ಹಳೆಯದು.

ಲಾಸಾದ ಸುತ್ತ ಮೂರು ಮಹಾಮಠಗಳಿದ್ದವು. ಗೆಲುಗ್ ಪಂಥದ ಸ್ಥಾಪಕರಾದ ತ್ಸೊಂಗ್ಖಾಪ ಅವರು 1409ರಲ್ಲಿ ಗಾಂದೆನ್ ಮಠವನ್ನೂ, ಅವರ ಶಿಷ್ಯರು 1416ರಲ್ಲಿ ಡ್ರೆಪುಂಗ್ ಮಠವನ್ನೂ 1419ರಲ್ಲಿ ಸೆರಾ ಮಠವನ್ನೂ ಸ್ಥಾಪಿಸಿದರು. ಸಂಪ್ರದಾಯದ ಲೆಕ್ಕದಲ್ಲಿ ಡ್ರೆಪುಂಗಿನಲ್ಲಿ 7,700, ಸೆರಾದಲ್ಲಿ 5,500, ಗಾಂದೆನಿನಲ್ಲಿ 3,300 ಭಿಕ್ಷುಗಳು. ವಾಸ್ತವದಲ್ಲಿ ಇನ್ನೂ ಹೆಚ್ಚಿನವರಿದ್ದರೆಂದು ಹೇಳುತ್ತಾರೆ. 1959ರ ನಂತರ ತಪ್ಪಿಸಿಕೊಂಡು ಬಂದ ಭಿಕ್ಷುಗಳಲ್ಲಿ ಸುಮಾರು 1,500 ಜನರನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಲಾಯಿತು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ. ತಂಪು ನಾಡಿನಿಂದ ಬಂದವರಿಗೆ ಆ ಸೆಕೆ, ಆ ತೇವ ಒಗ್ಗಲಿಲ್ಲ. ಕ್ಷಯರೋಗ ಹಬ್ಬಿ ಅನೇಕರು ಸತ್ತರು. ಪುಸ್ತಕಗಳೂ ಸಾಕಷ್ಟು ಇರಲಿಲ್ಲ. ಹಾಗಿದ್ದೂ ಸುಮಾರು ಹತ್ತು ವರ್ಷ ಅಲ್ಲಿ ಪಾಠ ನಿಲ್ಲಲಿಲ್ಲ, ಏಕೆಂದರೆ ಮೂಲಗ್ರಂಥಗಳು ಹಿರಿಯರ ಬಾಯಲ್ಲಿದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಅವರನ್ನು ಕರ್ನಾಟಕಕ್ಕೆ ಕಳುಹಿಸಲಾಯಿತು. ಸೆರಾ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ಡ್ರೆಪುಂಗ್ ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು. ಕಾಡು ಕಡಿದು, ಮೆಕ್ಕೆಜೋಳ ಬಿತ್ತಿ, ಆನೆಗಳಿಂದ ಬೆಳೆ ಕಾಯುತ್ತ ಹಗಲು ಕಳೆದವರು ಸಂಜೆಗೆ ತರ್ಕಕ್ಕೆ ಕೂರುತ್ತಿದ್ದರೆಂದು ಹಿರಿಯ ಭಿಕ್ಷುಗಳು ನನಗೆ ಹೇಳಿದ್ದಾರೆ. ಇತ್ತ ಟಿಬೆಟಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ಗಾಂದೆನ್ ಪಾಳುಬಿದ್ದಿತ್ತು.

ಆ ತರ್ಕವನ್ನು ತಾವು ಒಮ್ಮೆ ನೋಡಲೇಬೇಕು. ಅಂಗಳದಲ್ಲಿ ಒಬ್ಬರು ಕುಳಿತಿರುತ್ತಾರೆ, ಇನ್ನೊಬ್ಬರು ನಿಂತಿರುತ್ತಾರೆ. ನಿಂತವರು ಪ್ರಜ್ಞೆಯ ಬೋಧಿಸತ್ವನಾದ ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂದು ಕೂಗಿ ಆರಂಭಿಸಿ, ಪ್ರಶ್ನೆಯ ಕೊನೆಯಲ್ಲಿ ಕಾಲು ಮುಂದಿಟ್ಟು ಜೋರಾಗಿ ಕೈ ತಟ್ಟುತ್ತಾರೆ. ಕುಳಿತವರಿಗೆ ಮಾತನಾಡಲು ಇರುವ ಸ್ವಾತಂತ್ರ್ಯ ಬಹಳ ಕಡಿಮೆ: ‘ಒಪ್ಪಿದೆ’ ಎನ್ನಬಹುದು, ‘ಹೇತು ಸಿದ್ಧವಾಗಿಲ್ಲ’ (ಕೊಟ್ಟ ಕಾರಣವೇ ನಿಜವಲ್ಲ) ಎನ್ನಬಹುದು, ‘ವ್ಯಾಪ್ತಿ ಇಲ್ಲ’ (ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ) ಎನ್ನಬಹುದು, ‘ಏಕೆ?’ ಎಂದು ಕೇಳಬಹುದು. ಈ ಕೆಲವೇ ಉತ್ತರಗಳ ನಡುವೆ ಅವರನ್ನು ಸುತ್ತಿಸಿ ಸುತ್ತಿಸಿ, ಮೊದಲು ಒಪ್ಪಿದ್ದಕ್ಕೆ ವಿರುದ್ಧವಾದುದನ್ನು ಅವರ ಬಾಯಿಂದಲೇ ಹೊರಡಿಸುವುದು ನಿಂತವರ ಗುರಿ. ಹಾಗೆ ಸಿಕ್ಕಿಬಿದ್ದಾಗ ಸುತ್ತಲಿನವರೆಲ್ಲ ‘ತ್ಸಾ!’ ಎಂದು ಕೂಗುತ್ತಾರೆ. ಚಿಕ್ಕ ಹುಡುಗರು ಬಣ್ಣಗಳಿಂದ ಆರಂಭಿಸುತ್ತಾರೆ. ಬಣ್ಣವಾದುದೆಲ್ಲ ಕೆಂಪೇ? ಕೆಂಪಾದುದೆಲ್ಲ ಬಣ್ಣವೇ? ಬಿಳಿಯ ಶಂಖದ ಬಣ್ಣ ಬಿಳಿಯೋ, ಶಂಖವೇ ಬಿಳಿಯೋ? ಕೇಳಲು ಮಕ್ಕಳಾಟದಂತಿರುವ ಈ ಪ್ರಶ್ನೆಗಳಿಂದಲೇ ಒಂದು ವರ್ಗ ಇನ್ನೊಂದರಲ್ಲಿ ಅಡಗುವುದು ಎಂದರೇನು ಎಂಬುದು ಹುಡುಗನ ಮೈಗೆ ಹತ್ತುತ್ತದೆ.

ಮುಂದಿನ ಓದು ದೀರ್ಘವಾದುದು. ಧರ್ಮಕೀರ್ತಿಯ ಪ್ರಮಾಣಶಾಸ್ತ್ರ (ಸರಿಯಾದ ಜ್ಞಾನ ಯಾವುದು, ಅದು ಹೇಗೆ ಸಿಗುತ್ತದೆ ಎಂಬ ವಿಚಾರ), ಪ್ರಜ್ಞಾಪಾರಮಿತೆ, ಚಂದ್ರಕೀರ್ತಿಯ ಮೂಲಕ ಶೂನ್ಯತೆಯನ್ನು ಪ್ರತಿಪಾದಿಸುವ ಮಾಧ್ಯಮಿಕ ದರ್ಶನ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ ಎಂಬ ಐದು ವಿಷಯಗಳನ್ನು ಮುಗಿಸಿ ಗೆಶೆ ಪದವಿ ಪಡೆಯಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು. ಅತ್ಯುನ್ನತವಾದ ‘ಲಾರಂಪ’ ದರ್ಜೆಗೆ ಇನ್ನೂ ಹೆಚ್ಚು. ಗಮನಿಸಿ, ಇಲ್ಲಿ ಹೆಸರಿಸಿದ ನಾಲ್ವರು ಶಾಸ್ತ್ರಕಾರರೂ ಭಾರತದ ಬೌದ್ಧ ಪರಂಪರೆಯವರೇ. ತಾವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದಾದರೆ ಮೂರ್ತಿಗಳ ಮುಂದೆ ಕಳೆಯುವ ಸಮಯದಲ್ಲಿ ಅರ್ಧವನ್ನಾದರೂ ಸೆರಾದ ತರ್ಕದ ಅಂಗಳಕ್ಕೆ ಮೀಸಲಿಡಿ ಎಂಬುದು ನನ್ನ ಕಳಕಳಿಯ ಮಾತು.

ಉತ್ತರ: ಮಾನಸಗಂಗೋತ್ರಿ ಹಳೆಯ ವಿದ್ಯಾರ್ಥಿ

ಶಿಕ್ಷಕಿಯವರ ಮಾತು ನಿಂತಲ್ಲಿಂದ ಮುಂದುವರಿಸುತ್ತೇನೆ. ನನ್ನ ವಿಷಯ ಸಂಸ್ಕೃತ, ಅದರಲ್ಲಿಯೂ ನ್ಯಾಯ ಮತ್ತು ಜೈನ ತರ್ಕ.

ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ನಾಲಂದದ ಶಾಂತರಕ್ಷಿತರು ಟಿಬೆಟಿಗೆ ಹೋದರು. ಅಲ್ಲಿನ ಮೊದಲ ಮಠವಾದ ಸಾಮ್ಯೆ ಅವರ ಕಾಲದಲ್ಲಿ ಎದ್ದಿತು. ಒಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅರಸರ ಆಜ್ಞೆಯ ಮೇರೆಗೆ ಭಾರತದ ಪಂಡಿತರೂ ಟಿಬೆಟಿನ ಅನುವಾದಕರೂ ಜೊತೆಗೆ ಕುಳಿತು, ಸಂಸ್ಕೃತದ ಯಾವ ಪಾರಿಭಾಷಿಕ ಪದಕ್ಕೆ ಟಿಬೆಟನ್ ಭಾಷೆಯಲ್ಲಿ ಏನನ್ನು ಬಳಸಬೇಕು ಎಂದು ನಿಗದಿ ಮಾಡಿ ‘ಮಹಾವ್ಯುತ್ಪತ್ತಿ’ ಎಂಬ ಕೋಶವನ್ನೇ ರಚಿಸಿದರು. ಬುದ್ಧವಚನಗಳ ಸಂಗ್ರಹವಾದ ಕಂಗ್ಯೂರ್ ನೂರಕ್ಕೂ ಹೆಚ್ಚು ಸಂಪುಟಗಳಷ್ಟು, ಭಾರತೀಯ ಆಚಾರ್ಯರ ಶಾಸ್ತ್ರಗಳ ಸಂಗ್ರಹವಾದ ತೆಂಗ್ಯೂರ್ ಇನ್ನೂರಕ್ಕೂ ಹೆಚ್ಚು ಸಂಪುಟಗಳಷ್ಟು ಬೆಳೆದವು. ಇವುಗಳಲ್ಲಿ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ನಮ್ಮಲ್ಲಿ ನಷ್ಟವಾಗಿದೆ. ಅನುವಾದ ಅಷ್ಟು ಕಟ್ಟುನಿಟ್ಟಾಗಿ ನಡೆದಿದ್ದರಿಂದಲೇ ಟಿಬೆಟನ್ ಪಾಠವನ್ನು ಹಿಡಿದು ಸಂಸ್ಕೃತವನ್ನು ಪುನಾರಚಿಸುವ ಪ್ರಯತ್ನಗಳು ಸಾಧ್ಯವಾದವು. 1967ರಲ್ಲಿ ಸ್ಥಾಪನೆಯಾದ ಸಾರನಾಥದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ.

ಇಲ್ಲಿ ಮೈಸೂರಿನ ಪಾತ್ರವೂ ಇದೆ, ಅದನ್ನು ನಮ್ಮವರೇ ಮರೆತಿರುವುದು ನನಗೆ ನೋವಿನ ವಿಷಯ. ಬೌದ್ಧ ಪ್ರಮಾಣಶಾಸ್ತ್ರದ ಆದಿಗ್ರಂಥಗಳಲ್ಲೊಂದಾದ ದಿಙ್ನಾಗನ ಪ್ರಮಾಣಸಮುಚ್ಚಯದ ಸಂಸ್ಕೃತ ಮೂಲ ಸಿಗದಿದ್ದ ಕಾಲದಲ್ಲಿ, ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಅದರ ಪ್ರತ್ಯಕ್ಷ ಪರಿಚ್ಛೇದವನ್ನು ಟಿಬೆಟನ್ ಅನುವಾದದಿಂದ ಸಂಸ್ಕೃತಕ್ಕೆ ಪುನಾರಚಿಸಿದರು; ಮೈಸೂರು ವಿಶ್ವವಿದ್ಯಾಲಯ ಅದನ್ನು 1930ರಲ್ಲಿ ಪ್ರಕಟಿಸಿತು. ಆಗ ಮೈಸೂರಿನ ಸುತ್ತ ಒಂದು ಟಿಬೆಟನ್ ಮಠವೂ ಇರಲಿಲ್ಲ. ಇಂದು ಆ ಶಾಸ್ತ್ರವನ್ನು ಬಾಯಿಪಾಠವಾಗಿ ಬಲ್ಲ ನೂರಾರು ಜನ ಮೈಸೂರಿನಿಂದ ಎರಡು ಗಂಟೆಯ ದಾರಿಯಲ್ಲಿದ್ದಾರೆ, ಆದರೆ ನಮ್ಮ ಸಂಸ್ಕೃತ ವಿಭಾಗಗಳಿಂದ ಅಲ್ಲಿಗೆ ನಡೆದುಹೋಗುವವರು ವಿರಳ.

ಇನ್ನೂ ಒಂದು ಸಂಗತಿ ಹೇಳಲೇಬೇಕು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಜೈನ ತಾರ್ಕಿಕ ಅಕಲಂಕ ದೇವರು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ವಾದದಲ್ಲಿ ಗೆದ್ದರೆಂದೂ, ಘಟದಲ್ಲಿ ಅಡಗಿದ್ದ ತಾರಾದೇವಿಯನ್ನು ಸೋಲಿಸಿದರೆಂದೂ ಅದು ಹೊಗಳುತ್ತದೆ. ಕಥೆಯ ಭಾಗವನ್ನು ಬಿಟ್ಟರೂ ಅಕಲಂಕರ ಗ್ರಂಥಗಳು ಹೆಜ್ಜೆಹೆಜ್ಜೆಗೂ ಧರ್ಮಕೀರ್ತಿಯನ್ನು ಎದುರಿಟ್ಟುಕೊಂಡು ಬರೆದವು ಎಂಬುದು ನಿಜ. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ಆರಂಭವಾಗುವುದೇ ಬುದ್ಧ ಮತ್ತು ತಾರೆಯ ಸ್ತುತಿಯಿಂದ. ಹದಿನಾರು ಜನ ಸೆಟ್ಟಿಗಳು ಅಲ್ಲಿ ಕಟ್ಟಿಸಿದ ವಿಹಾರವನ್ನು ಅದು ಹೆಸರಿಸುತ್ತದೆ. ಹೀಗೆ ಒಂದು ಕಾಲಕ್ಕೆ ಈ ನೆಲದಲ್ಲಿಯೇ ನಡೆದ ವಾದದ ಒಂದು ಪಕ್ಷ ಇಲ್ಲಿಂದ ಮರೆಯಾಗಿ, ಹಿಮಾಲಯವನ್ನು ದಾಟಿ, ಸಾವಿರ ವರ್ಷ ಅಲ್ಲಿ ಬದುಕಿ, 1970ರ ಹೊತ್ತಿಗೆ ಮುಂಡಗೋಡಕ್ಕೆ ಬಂದಿದೆ. ಅಕಲಂಕರನ್ನು ಓದುತ್ತಿರುವ ಕನ್ನಡದ ವಿದ್ಯಾರ್ಥಿಗೆ ಪೂರ್ವಪಕ್ಷದಲ್ಲಿ, ಅಂದರೆ ಅವರು ಖಂಡಿಸುವ ಎದುರಾಳಿಯ ವಾದದಲ್ಲಿ, ಸಂಶಯ ಬಂದರೆ, ಆ ಪಕ್ಷವನ್ನು ತನ್ನದೆಂದೇ ಎತ್ತಿಹಿಡಿದು ವಾದಿಸಬಲ್ಲ ವಿದ್ವಾಂಸನನ್ನು ಬಸ್ಸು ಹತ್ತಿ ಹೋಗಿ ಕೇಳಬಹುದು. ಇಂಥ ಅನುಕೂಲ ಜಗತ್ತಿನ ಎಷ್ಟು ಕಡೆ ಇದೆ?

ಹಂಚುವುದರಿಂದ ವಿದ್ಯೆ ತೆಳುವಾಗುತ್ತದೆಯೇ ಎಂಬ ತಮ್ಮ ಎರಡನೆಯ ಪ್ರಶ್ನೆಗೆ ಗ್ರಂಥಗಳ ಮಟ್ಟಿಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಹಂಚಿದ್ದರಿಂದಲೇ ಅವು ಉಳಿದವು. ನಿರಾಶ್ರಿತರು ಬೆನ್ನ ಮೇಲೆ ಹೊತ್ತು ತಂದ ಪೋಥಿಗಳಲ್ಲಿ (ಬಿಡಿ ಹಾಳೆಗಳ ಗ್ರಂಥಗಳಲ್ಲಿ) ಎಷ್ಟೋ ಗ್ರಂಥಗಳಿಗೆ ಕೈಗೆ ಸಿಕ್ಕುವ ಬೇರೆ ಪ್ರತಿಯೇ ಇರಲಿಲ್ಲ. ಅಮೆರಿಕದಿಂದ ಗೋಧಿ ತರಿಸಿಕೊಂಡದ್ದಕ್ಕೆ ಭಾರತ ರೂಪಾಯಿಯಲ್ಲಿ ಪಾವತಿ ಮಾಡುತ್ತಿದ್ದ ಪಿಎಲ್-480 ಯೋಜನೆಯ ಹಣದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಲ್ಲಿ ಪುಸ್ತಕಗಳನ್ನು ಕೊಳ್ಳುತ್ತಿತ್ತು. 1960ರ ದಶಕದ ಕೊನೆಗೆ ಅದರ ದೆಹಲಿ ಕಚೇರಿಗೆ ಸೇರಿದ ಜೀನ್ ಸ್ಮಿತ್ ಎಂಬ ವಿದ್ವಾಂಸರು ಈ ಅವಕಾಶವನ್ನು ಬಳಸಿಕೊಂಡು, ಲಾಮಾಗಳು ಮರುಮುದ್ರಿಸಿದ ಸಾವಿರಾರು ಸಂಪುಟಗಳು ಅಮೆರಿಕದ ಗ್ರಂಥಾಲಯಗಳನ್ನು ಸೇರುವಂತೆ ಮಾಡಿದರು. ಅವರೇ 1999ರಲ್ಲಿ ಈ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಇರಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು. ಅದು ಇಂದು ಬುದ್ಧಿಸ್ಟ್ ಡಿಜಿಟಲ್ ರಿಸೋರ್ಸ್ ಸೆಂಟರ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸೆರಾದ ವಿದ್ಯಾಲಯಗಳಲ್ಲೊಂದಾದ ಬೈಲಕುಪ್ಪೆಯ ಸೆರಾ ಮೇ ಮಠದಲ್ಲಿಯೂ 1980ರ ದಶಕದ ಕೊನೆಯಿಂದ ಭಿಕ್ಷುಗಳೇ ಕುಳಿತು ಗ್ರಂಥಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ಕಂಗ್ಯೂರನ್ನೆಲ್ಲ ಇಂಗ್ಲಿಷಿಗೆ ತಂದು ಉಚಿತವಾಗಿ ಅಂತರಜಾಲದಲ್ಲಿ ಇಡುವ ‘84000’ ಎಂಬ ಯೋಜನೆಯೂ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದಿದೆ.

ಉತ್ತರ: ಮುಂಡಗೋಡದವಳು

ನಾನು ಮುಂಡಗೋಡದ ವಸಾಹತಿನಲ್ಲಿ ಹುಟ್ಟಿ ಬೆಳೆದ ಟಿಬೆಟನ್. ಕನ್ನಡವನ್ನು ಶಾಲೆಯಲ್ಲಿ ಸ್ವಲ್ಪ, ಸೋಮವಾರದ ಸಂತೆಯಲ್ಲಿ ಬಹಳ ಕಲಿತೆ. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ನಮ್ಮ ವಿದ್ಯೆಯ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದದ್ದನ್ನು ಓದಿ ಮನಸ್ಸು ತುಂಬಿತು, ಆದರೆ ಅವರ ಮಾತಿನಲ್ಲಿ ಮಠದ ಹೊರಗಿರುವ ನಾವು ಕಾಣಲಿಲ್ಲ. ನಮ್ಮ ಸಂಸ್ಕೃತಿ ಎಂದರೆ ಮಠ ಎಂದು ಕನ್ನಡದ ಬಂಧುಗಳು ತಿಳಿದಿರುವುದು ಸಹಜ, ಕೆಂಪು ಬಟ್ಟೆ ದೂರದಿಂದಲೇ ಕಾಣಿಸುತ್ತದೆ. ಆದರೂ ಸ್ವಲ್ಪ ಬೇರೆ ಕಡೆಯಿಂದ ಹೇಳಲು ಅನುಮತಿ ಕೊಡಿ.

ಮಠಗಳು ತುಂಬಿವೆ, ಕ್ಯಾಂಪುಗಳ (ವಸಾಹತಿನ ಹಳ್ಳಿಗಳ) ಮನೆಗಳು ಖಾಲಿಯಾಗುತ್ತಿವೆ. 2009ರ ನಮ್ಮದೇ ಜನಗಣತಿಯಲ್ಲಿ ಭಾರತದಲ್ಲಿ 94,000ಕ್ಕೂ ಹೆಚ್ಚು ಟಿಬೆಟನ್ನರಿದ್ದರು; ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಇದೆ. 2008ರ ನಂತರ ಗಡಿಯ ಕಾವಲು ಬಿಗಿಯಾಗಿ ಟಿಬೆಟಿನಿಂದ ಹೊಸಬರು ಬರುವುದು ಬಹುತೇಕ ನಿಂತಿತು. ಇಲ್ಲಿದ್ದ ಯುವಕರು ಟೊರಾಂಟೊ, ನ್ಯೂಯಾರ್ಕ್, ಪ್ಯಾರಿಸ್ ಕಡೆಗೆ ಹೋಗುತ್ತಿದ್ದಾರೆ. ಇದಕ್ಕೆ ಹಣವೊಂದೇ ಕಾರಣವಲ್ಲ. ನಾವು ಮತ್ತೆ ಮತ್ತೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ಇಲ್ಲಿ ವಾಸಿಸುವವರು, ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ ಹಿಡಿದು ಪ್ರಯಾಣಿಸುವವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಜನ್ಮದಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಹಾಗಿದ್ದೂ ಅನೇಕರು ಅರ್ಜಿ ಹಾಕಲು ಹಿಂಜರಿಯುತ್ತಾರೆ, ಏಕೆಂದರೆ ನಿರಾಶ್ರಿತ ಎಂಬ ಗುರುತನ್ನು ಬಿಟ್ಟರೆ ತಾಯ್ನಾಡಿನ ಮೇಲಿನ ಹಕ್ಕನ್ನೇ ಬಿಟ್ಟಂತಾಗುತ್ತದೆಯೋ ಎಂಬ ಅಂಜಿಕೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಮಠಗಳಲ್ಲಿ ಇಂದು ಕಾಣುವ ಹುಡುಗರಲ್ಲಿ ಬಹಳ ಜನ ಲಡಾಖ್, ಅರುಣಾಚಲ, ಸಿಕ್ಕಿಂ, ನೇಪಾಳ, ಭೂತಾನ್, ಮಂಗೋಲಿಯಾ ಕಡೆಯವರು. ಅವರು ಬಂದದ್ದರಿಂದ ವಿದ್ಯೆ ಮುಂದುವರಿಯುತ್ತದೆ, ಇದರಲ್ಲಿ ನನಗೆ ನಿಜವಾದ ಸಂತೋಷವಿದೆ. ಆದರೆ ಶಾಸ್ತ್ರ ಉಳಿದು ಮನೆಮಾತು ಹೋದರೆ ನಮ್ಮ ಜನ ಉಳಿದಂತಾಗುವುದಿಲ್ಲ.

ಹಂಚುವ ವಿಷಯದಲ್ಲಿ ನನ್ನ ಆತಂಕ ಇದೇ. ಕರುಣೆ, ಶೂನ್ಯತೆ, ಧ್ಯಾನ ಇವೆಲ್ಲ ಇಂಗ್ಲಿಷಿನಲ್ಲಿ ಚೆನ್ನಾಗಿ ಜಗತ್ತನ್ನು ಸುತ್ತುತ್ತಿವೆ. ಮರಳಿನ ಮಂಡಲವನ್ನು ದೂರದೂರದ ಮ್ಯೂಸಿಯಮ್ಮುಗಳಲ್ಲಿ ಬಿಡಿಸುತ್ತಾರೆ. ಇತ್ತ ಟೊರಾಂಟೊದಲ್ಲಿ ಹುಟ್ಟಿದ ನನ್ನ ಅಕ್ಕನ ಮಗಳಿಗೆ ಅಜ್ಜಿಯೊಡನೆ ಮಾತಾಡಲು ವಾರಾಂತ್ಯದ ಭಾಷಾ ಪಾಠ ಬೇಕಾಗಿದೆ. ಟಿಬೆಟಿನ ಒಳಗಿನ ಸ್ಥಿತಿ ಇದಕ್ಕಿಂತ ಕಠಿಣ: ಮಕ್ಕಳನ್ನು ಚೀನೀ ಭಾಷೆಯಲ್ಲಿ ಕಲಿಸುವ ವಸತಿ ಶಾಲೆಗಳಿಗೆ ಸೇರಿಸಲಾಗುತ್ತಿದೆ, ಶಾಲೆಗಳಲ್ಲಿ ಟಿಬೆಟನ್ ಭಾಷೆಯನ್ನು ಕಲಿಸಬೇಕೆಂದು ಬಹಿರಂಗವಾಗಿ ಕೇಳಿದ ತಾಶಿ ವಾಂಗ್‌ಚುಕ್ ಎಂಬ ವ್ಯಾಪಾರಿಯನ್ನು 2016ರಲ್ಲಿ ಬಂಧಿಸಿ, 2018ರಲ್ಲಿ ಐದು ವರ್ಷಗಳ ಶಿಕ್ಷೆ ವಿಧಿಸಿದರು. 2008ರ ನಂತರ ಟಿಬೆಟಿನಲ್ಲಿಯೇ ಹುಟ್ಟಿಕೊಂಡ ‘ಲಾಕರ್’ ಎಂಬ ಆಚರಣೆಯನ್ನು ನಾವು ಇಲ್ಲಿಯೂ ಹಿಡಿದಿದ್ದೇವೆ. ಬುಧವಾರಗಳಂದು ನಮ್ಮ ಸಾಂಪ್ರದಾಯಿಕ ಉಡುಪಾದ ಚುಪಾ ಉಡುವುದು, ಬೇರೆ ಭಾಷೆ ಬೆರೆಸದೆ ಟಿಬೆಟನ್ನಿನಲ್ಲಿಯೇ ಮಾತಾಡುವುದು, ಸಂಜೆ ಸೇರಿ ವೃತ್ತದಲ್ಲಿ ಗೋರ್ಶೆ ಕುಣಿಯುವುದು, ಇಷ್ಟೇ ಅದು. ಯಾವ ಮಠದ ಅಪ್ಪಣೆಯೂ ಇಲ್ಲದೆ ಸಾಮಾನ್ಯ ಜನ ತಾವಾಗಿಯೇ ಕಟ್ಟಿಕೊಂಡ ಈ ರೂಢಿಯನ್ನು ನಾನು ಯಾವ ದೊಡ್ಡ ಸಂಸ್ಥೆಗೂ ಕಡಿಮೆ ಎಂದು ಎಣಿಸುವುದಿಲ್ಲ.

ಮಠದ ಒಳಗೂ ಎಲ್ಲವೂ ಹಳೆಯದಾಗಿಯೇ ಉಳಿದಿದೆ ಎನ್ನಬೇಡಿ. ಟಿಬೆಟಿನಲ್ಲಿ ಭಿಕ್ಷುಣಿಯರಿಗೆ ಗೆಶೆ ಪದವಿಯೇ ಇರಲಿಲ್ಲ. ದೇಶಭ್ರಷ್ಟರಾದ ಮೇಲೆ ಭಿಕ್ಷುಣಿ ಮಠಗಳಲ್ಲಿ ತರ್ಕ ಕಲಿಸಲು ಆರಂಭಿಸಿದರು. ನಮ್ಮ ಮುಂಡಗೋಡದ ಜಂಗ್‌ಚುಬ್ ಚೋಲಿಂಗ್ ಅವುಗಳಲ್ಲಿ ಒಂದು. 2012ರಲ್ಲಿ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು, ನಾಲ್ಕು ವರ್ಷಗಳ ಪರೀಕ್ಷೆಗಳನ್ನು ಮುಗಿಸಿದ ಇಪ್ಪತ್ತು ಭಿಕ್ಷುಣಿಯರಿಗೆ 2016ರ ಡಿಸೆಂಬರಿನಲ್ಲಿ ದಲೈ ಲಾಮಾ ಅವರು ಡ್ರೆಪುಂಗ್ ಮಠದಲ್ಲಿ ಗೆಶೆಮಾ ಪದವಿಯನ್ನು ಕೊಟ್ಟರು. ಸಾವಿರ ವರ್ಷಗಳಲ್ಲಿ ಆಗದಿದ್ದುದು ಉತ್ತರ ಕನ್ನಡ ಜಿಲ್ಲೆಯ ಒಂದು ಊರಿನಲ್ಲಿ ಆಯಿತು. ಅಂದು ನಮ್ಮ ಕ್ಯಾಂಪಿನ ಅಜ್ಜಿಯಂದಿರು ಅತ್ತದ್ದು ನನಗೆ ಇನ್ನೂ ನೆನಪಿದೆ. ಹೊರ ಜಗತ್ತಿನೊಡನೆ ಬೆರೆತದ್ದು ನಮ್ಮನ್ನು ತೆಳುವಾಗಿಸಿಲ್ಲ ಎಂಬುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದೇ. ಭಿಕ್ಷುಗಳ ಪಠ್ಯದಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಸೇರಿರುವುದೂ ಅಷ್ಟೇ. 2013ರ ಜನವರಿಯಲ್ಲಿ ವಿಜ್ಞಾನಿಗಳು ಡ್ರೆಪುಂಗಿಗೇ ಬಂದು ಸಾವಿರಾರು ಭಿಕ್ಷುಗಳ ಮುಂದೆ ದಲೈ ಲಾಮಾ ಅವರೊಡನೆ ಚರ್ಚಿಸಿದ್ದರು.

ಎಲ್ಲವನ್ನೂ ಹಂಚುವುದಿಲ್ಲ ಎಂಬುದೂ ತಿಳಿದಿರಲಿ. ತಂತ್ರದ ಭಾಗಕ್ಕೆ ಗುರುವಿನಿಂದ ದೀಕ್ಷೆ ಬೇಕು, ದೀಕ್ಷೆ ಇಲ್ಲದವರು ಅದನ್ನು ಓದಬಾರದೆಂಬ ಕಟ್ಟಳೆ ಇದೆ. ಸೂತ್ರಗಳು, ತರ್ಕ, ಶೀಲ ಇವುಗಳಿಗೆ ಬಾಗಿಲು ತೆರೆದೇ ಇದೆ. ಆ ಗೆರೆಯನ್ನು ಗೌರವಿಸಿ ಬರುವವರಿಗೆ ನಮ್ಮಲ್ಲಿ ಎಂದೂ ಸ್ವಾಗತವಿದೆ.

ಮರುಪ್ರಶ್ನೆ: ಹಾರಂಗಿ ದಂಡೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ತಂಗೀ, ಕ್ಯಾಂಪಿನ ಮನೆಗಳ ಬಗ್ಗೆ ನೀವು ಬರೆದದ್ದು ನಾನು ಕೇಳಬೇಕಾಗಿದ್ದೂ ಕೇಳದೆ ಉಳಿದ ಪ್ರಶ್ನೆಗೆ ಉತ್ತರ. ಈಗ ಕನ್ನಡದ ವಿಷಯವೊಂದು ಉಳಿದಿದೆ. ಸಂಸ್ಕೃತ ಬಲ್ಲ ಒಬ್ಬರೂ, ಕನ್ನಡ ಬಲ್ಲ ಒಬ್ಬ ಭಿಕ್ಷುವೂ ಸಿಕ್ಕರೆ ಯಾವ ಗ್ರಂಥದಿಂದ ಆರಂಭಿಸುವುದು ಉಚಿತ?

ಉತ್ತರ: ಮಾನಸಗಂಗೋತ್ರಿ ಹಳೆಯ ವಿದ್ಯಾರ್ಥಿ

ಪಾಲಿ ಪರಂಪರೆಯ ಮಟ್ಟಿಗೆ ಕನ್ನಡಕ್ಕೆ ಒಳ್ಳೆಯ ಅಡಿಪಾಯವಿದೆ. ಜಿ.ಪಿ. ರಾಜರತ್ನಂ ಅವರು ದಶಕಗಳ ಹಿಂದೆಯೇ ದುಡಿದಿದ್ದಾರೆ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಪಾಲಿ ಭಾಷೆಯ ಬೌದ್ಧ ಗ್ರಂಥಸಂಗ್ರಹವಾದ ತಿಪಿಟಕದ ಕನ್ನಡ ಅನುವಾದಗಳನ್ನು ತರುತ್ತಿದೆ. ಕೊರತೆ ಇರುವುದು ಮಹಾಯಾನ ಶಾಸ್ತ್ರಗಳಲ್ಲಿ, ಅದರಲ್ಲಿಯೂ ಟಿಬೆಟನ್ ವ್ಯಾಖ್ಯಾನ ಪರಂಪರೆಯಲ್ಲಿ. ನಮ್ಮಲ್ಲಿ ಸಂಸ್ಕೃತ ಬಲ್ಲವರು ಟಿಬೆಟನ್ ಕಲಿಯಲಿಲ್ಲ, ಟಿಬೆಟನ್ ಬಲ್ಲವರಿಗೆ ಸಂತೆಯ ಕನ್ನಡ ಬಂದರೂ ಗ್ರಂಥದ ಕನ್ನಡ ಬರಲಿಲ್ಲ, ಮತ್ತು ಎರಡೂ ಕಡೆಯವರು ಇಂಗ್ಲಿಷಿನಲ್ಲಿ ಭೇಟಿಯಾಗುವುದಕ್ಕೆ ಒಗ್ಗಿಹೋದರು. ತಮ್ಮ ಮೂರನೆಯ ಪ್ರಶ್ನೆಗೆ ನಾನು ಕಾಣುವ ಕಾರಣ ಇದು.

ಆರಂಭಕ್ಕೆ ನನ್ನ ಸಲಹೆ ಶಾಂತಿದೇವನ ಬೋಧಿಚರ್ಯಾವತಾರ. ಎಂಟನೆಯ ಶತಮಾನದ ಈ ಕೃತಿಯ ಸಂಸ್ಕೃತ ಮೂಲ ಪೂರ್ತಿಯಾಗಿ ಉಳಿದಿದೆ, ಟಿಬೆಟನ್ ಮಠಗಳಲ್ಲಿ ಅದನ್ನು ಬಾಯಿಪಾಠ ಮಾಡುತ್ತಾರೆ, ದಲೈ ಲಾಮಾ ಅವರು ಅದರ ಮೇಲೆ ಮತ್ತೆ ಮತ್ತೆ ಉಪನ್ಯಾಸ ಕೊಟ್ಟಿದ್ದಾರೆ. ಹತ್ತು ಪರಿಚ್ಛೇದಗಳಲ್ಲಿ ಆರನೆಯದಾದ ಕ್ಷಾಂತಿ ಪಾರಮಿತೆಯನ್ನು ಮೊದಲು ಎತ್ತಿಕೊಳ್ಳಬಹುದು. ಕೋಪ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಪದವಿ ತರಗತಿಯ ಹುಡುಗರಿಗೂ ತಟ್ಟುತ್ತದೆ. ಒಂಬತ್ತನೆಯ ಪ್ರಜ್ಞಾ ಪರಿಚ್ಛೇದಕ್ಕೆ ಮಾತ್ರ ಗೆಶೆಯ ನೆರವಿಲ್ಲದೆ ಕೈ ಹಾಕಬಾರದು. ಶ್ಲೋಕವನ್ನು ಸಂಸ್ಕೃತದಿಂದ ನೇರವಾಗಿ ಕನ್ನಡಕ್ಕೆ ತಂದು, ಅದರ ಕೆಳಗೆ ಸೆರಾದಲ್ಲಿ ಪಾಠ ಹೇಳುವ ರೀತಿಯ ವಿವರಣೆಯನ್ನು ಕೇಳಿ ಬರೆದುಕೊಂಡರೆ, ಇಂಗ್ಲಿಷಿನ ಮೂಲಕ ಬಂದ ಅನುವಾದದಲ್ಲಿ ಸಿಗದ ಗುಣ ಅದಕ್ಕೆ ಬರುತ್ತದೆ. ಸಂಸ್ಕೃತದ ಪಾಲನ್ನು ನಾನು ವಹಿಸಿಕೊಳ್ಳಲು ಸಿದ್ಧನಿದ್ದೇನೆ.

ಉತ್ತರ: ಲಕ್ಷ್ಮಣತೀರ್ಥ

ನನ್ನಲ್ಲಿ ಕನ್ನಡ ಕಲಿತ ಹುಡುಗರಲ್ಲಿ ಇಬ್ಬರು ಈಗ ಸೆರಾದಲ್ಲಿ ಓದುತ್ತಿದ್ದಾರೆ, ಒಬ್ಬರು ಓದನ್ನು ಮುಗಿಸುವ ಹಂತದಲ್ಲಿದ್ದಾರೆ. ಅವರನ್ನು ಕೇಳಿ ತಿಳಿಸುತ್ತೇನೆ. ಮೇಷ್ಟರೆ, ವಿದ್ಯಾರ್ಥಿಗಳನ್ನು ಕರೆತರುವ ಮುಂಚೆ ಮಠದ ಕಚೇರಿಗೆ ಒಂದು ಪತ್ರ ಬರೆಯಿರಿ. ತರ್ಕ ನಡೆಯುವ ಹೊತ್ತು ಋತುವಿಗೆ ಮತ್ತು ಪರೀಕ್ಷೆಗಳಿಗೆ ತಕ್ಕಂತೆ ಬದಲಾಗುತ್ತದೆ. ಅಂಗಳದ ಅಂಚಿನಲ್ಲಿ ಕುಳಿತು ನೋಡಬಹುದು, ಆದರೆ ಮಧ್ಯೆ ನಡೆದಾಡುವುದಾಗಲಿ, ಮುಖದ ಹತ್ತಿರ ಮೊಬೈಲ್ ಹಿಡಿಯುವುದಾಗಲಿ ಸರಿಯಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ. ಮುಂಡಗೋಡದ ತಂಗಿಯವರು ಒಪ್ಪಿದರೆ, ಟಿಬೆಟನ್ ಹೊಸವರ್ಷವಾದ ಲೋಸರ್ ಹಬ್ಬದ ಸಮಯದಲ್ಲಿ ಕ್ಯಾಂಪಿನ ಮನೆಗಳಿಗೂ ಅದೇ ವಿದ್ಯಾರ್ಥಿಗಳು ಬರುವಂತೆ ದಿನ ಗೊತ್ತು ಮಾಡೋಣ.